ಅತ್ತೆಯವರ ಎಡಗಿವಿಯ ಓಲೆ

ನಾನು ನರ್ಸ್ ತರಬೇತಿ ಪಡೆದದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ. ಹೇಳಿದ ಔಷಧಿಯನ್ನು ಹೇಳಿದ ಹೊತ್ತಿಗೆ ತೆಗೆದುಕೊಳ್ಳದ ರೋಗಿಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕೆಲಸದಲ್ಲಿದ್ದಷ್ಟು ವರ್ಷವೂ ಅಂಥವರನ್ನು ಗದರಿಸುತ್ತಲೇ ಇದ್ದೆ. ನಾನು ಒಮ್ಮೆಯೂ ಗದರಿಸಬೇಕಾಗಿ ಬರದ ರೋಗಿ ಎಂದರೆ ನನ್ನ ಅತ್ತೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾವು ಗಂಡಹೆಂಡತಿ ತರೀಕೆರೆಯಲ್ಲಿದ್ದೆವು. ಅತ್ತೆ ಮಾವ ಅಜ್ಜಂಪುರದಲ್ಲಿದ್ದರು. ಮಾವನವರದು ಕೊಬ್ಬರಿ ವ್ಯಾಪಾರ. ಅತ್ತೆ ಮದುವೆಯಾದಂದಿನಿಂದ ಕೆಂಪು ಹರಳಿನ ಅಗಲವಾದ ಓಲೆ ಹಾಕುತ್ತಿದ್ದರು. ಅದರ ಭಾರಕ್ಕೆ ತೂತು ಜಗ್ಗಿ ಜಗ್ಗಿ ಸೀಳಿನಂತಾಗಿತ್ತು. ಒಂದು ದಿನ ಎಣ್ಣೆಸ್ನಾನ ಮಾಡಿ ತಲೆ ಒರೆಸಿಕೊಳ್ಳುವಾಗ ಟವೆಲ್ಲು ಓಲೆಗೆ ಸಿಕ್ಕಿಕೊಂಡಿತು. ಎಡಗಿವಿಯ ಹಾಲೆ ಎರಡು ಹೋಳಾಯಿತು.

ಅಂದಿನಿಂದ ಸೆರಗು ತಲೆಯಿಂದ ಇಳಿಯಲಿಲ್ಲ. ಅರಿಸಿನ ಕುಂಕುಮಕ್ಕೆ ಕರೆದರೂ ಹೋಗಲಿಲ್ಲ. ಮಾವನವರ ಅಕ್ಕ ಅದೇ ಬೀದಿಯಲ್ಲಿದ್ದರು, ನಾವು ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆವು. ಅವರು ದಿನವೂ ಬಂದು ಒಂದೇ ಮಾತು: "ಒಂಟಿ ಓಲೆ ಹಾಕ್ಕೊಂಡು ಮನೇಲಿ ಓಡಾಡಬಾರ್ದು ಕಣೇ. ಮನೇಗೆ ಆಗಲ್ಲ."

ಕಡೂರಿನಲ್ಲಿ ಒಬ್ಬ ಸರ್ಜನ್ ಹರಿದ ಹಾಲೆಗಳನ್ನು ಅಂದವಾಗಿ ಹೊಲಿಯುತ್ತಾರೆಂದು ಕೇಳಿ ಅಲ್ಲಿಗೆ ಕರೆದುಕೊಂಡು ಹೋದೆ. ಹೊಲಿಗೆ ನಿಜಕ್ಕೂ ಅಂದವಾಗಿಯೇ ಇತ್ತು. ಆದರೆ ಎರಡು ಮೂರು ತಿಂಗಳಲ್ಲಿ ಹೊಲಿಗೆಯ ಗೆರೆ ಕೆಂಪಗೆ ಉಬ್ಬತೊಡಗಿತು. ಮೊದಲು ಕಡಲೆಕಾಳು, ಆಮೇಲೆ ಹುಣಸೆಬೀಜ. ತುರಿಕೆ ಬೇರೆ.

"ಕತ್ತರ್ಸಿ ತೆಗ್ದುಬಿಡಪ್ಪಾ," ಎಂದರು ಅತ್ತೆ ಡಾಕ್ಟರಿಗೆ.

"ಬರೀ ಕತ್ತರಿಸಿದ್ರೆ ಇದರಪ್ಪನಂಥದ್ದು ಬರುತ್ತಮ್ಮ. ಕೆಲವರ ಚರ್ಮವೇ ಹಾಗೆ, ಗಾಯ ಮಾಗಿದ್ರೂ ಬೆಳೆಯೋದು ನಿಲ್ಲಿಸಲ್ಲ. ಗಂಟಿನೊಳಕ್ಕೇ ಇಂಜೆಕ್ಷನ್ ಕೊಡ್ತೀನಿ, ತಿಂಗಳಿಗೊಂದ್ಸಲ ಬರಬೇಕು. ಮಿಕ್ಕ ಹೊತ್ತು ಹಾಲೆನ ಹಿಂದೆ ಮುಂದೆ ಒತ್ತಿ ಹಿಡ್ಕೊಂಡಿರೋ ಹಾಗೆ ಏನಾದ್ರೂ ಹಾಕಿರಬೇಕು. ಮತ್ತೆ, ಈ ಕಿವೀನ ಇನ್ನು ಯಾವತ್ತೂ ಚುಚ್ಚಿಸಬಾರದು."

ಅತ್ತೆ ಹೊಲಿಗೆಯ ಮೇಲೆ ಬೆರಳಿಟ್ಟರು. "ನಾನ್ ಹೊಲಿಸ್ಕೊಂಡಿದ್ದೇ ಓಲೆ ಹಾಕ್ಕೊಳ್ಳಾಕಲ್ವೇನಪ್ಪಾ?"

ಡಾಕ್ಟರ್ ಸಿರಿಂಜು ಕೈಗೆತ್ತಿಕೊಂಡರು.

ಗಟ್ಟಿ ಗಂಟಿನೊಳಗೆ ಔಷಧಿ ಹೋಗುವ ನೋವು ನನಗೆ ಗೊತ್ತು. ಗಟ್ಟಿಮುಟ್ಟಾದ ಗಂಡಸರು ಕೂಗಿದ್ದನ್ನು ಕೇಳಿದ್ದೇನೆ. ಅಂದು ನಾನು ರಜೆ ಹಾಕಿ ಸೊಸೆಯಾಗಿ ಬಂದಿದ್ದೆ, ಕೈತುಂಬ ಗಾಜಿನ ಬಳೆ ಇದ್ದವು. ಅತ್ತೆ ನನ್ನ ಮಣಿಕಟ್ಟು ಹಿಡಿದರು, ಕಣ್ಣು ಮುಚ್ಚಲಿಲ್ಲ. ಸೂಜಿ ಹೊರಬಂದ ಮೇಲೆ ಮೊದಲು ನೋಡಿದ್ದು ಒಡೆದ ಬಳೆಚೂರು ಬಿದ್ದಿದ್ದ ನೆಲವನ್ನು. "ನಿನ್ ಬಳೆ ಹೆಚ್ಚಿದ್ವು ಕಣೇ. ಹೋಗ್ತಾ ಹಾಕ್ಸ್ಕೊಂಡ್ ಹೋಗಣ, ಬರಿಗೈಲಿ ಬಸ್ ಹತ್ತಬ್ಯಾಡ."

ಒತ್ತಿ ಹಿಡಿಯುವ ಸಾಧನ ನನ್ನ ಪಾಲಿಗೆ ಬಂತು. ಕೋಟಿನ ಎರಡು ಗುಂಡಿಗಳನ್ನು ಹಾಲೆಯ ಆಚೀಚೆ ಇಟ್ಟು ಪ್ಲಾಸ್ಟರ್ ಸುತ್ತಿದೆ. ಒಲೆ ಮುಂದೆ ಬೆವರಿದರೆ ಜಾರಿಬಿಡುತ್ತಿತ್ತು. ಬೇರೆ ಬೇರೆ ಥರ ಕಟ್ಟಿ ನೋಡಿದೆ, ಯಾವುದೂ ನಿಲ್ಲಲಿಲ್ಲ. ಇದನ್ನೆಲ್ಲ ನೋಡುತ್ತಿದ್ದ ಅತ್ತೆ ಒಂದು ದಿನ ಪೆಟ್ಟಿಗೆಯಿಂದ ಎಡಗಿವಿಯ ಓಲೆ ತೆಗೆದು ಅಂಗೈಯಲ್ಲಿ ಬೋರಲು ಹಾಕಿದರು.

"ಇದರ ಬೆನ್ನು ಚಪ್ಪಟೆ ಐತಲ್ಲವ್ವಾ. ನಡುವಿನ ಕಡ್ಡಿ ಕತ್ತರ್ಸಿ, ಕೆಳಗಿಂದ ಒಂದು ಕೊಕ್ಕೆ ಬಗ್ಗಿಸಿ, ಹಿಂದ್ಗಡೆಯಿಂದ ತಿರುಪಿನಲ್ಲಿ ಒತ್ತೋ ಹಂಗೆ ಮಾಡಿಸಿದ್ರೆ?"

ನಾನು ಓಲೆಯನ್ನು ಗಂಟಿನ ಮೇಲೆ ಇಟ್ಟು ನೋಡಿದೆ. ಗಂಟನ್ನು ಪೂರ್ತಿ ಮುಚ್ಚುವಷ್ಟು ಅಗಲವಿತ್ತು. ಚುಚ್ಚುವ ಮಾತೇ ಇಲ್ಲ.

ಅಕ್ಕಸಾಲಿಗರು ಮನೆಗೆ ಬಂದರು. ಆದರೆ ಕತ್ತರಿಯನ್ನು ಕೈಗೆತ್ತಿಕೊಳ್ಳಲೊಲ್ಲರು. "ಮುತ್ತೈದೆ ಓಲೆಗೆ ಕತ್ತರಿ ಹಾಕಾದಾ ತಾಯಿ? ಯಜಮಾನ್ರು ಕೂತಿದ್ದಾರೆ ಮುಂದ್ಗಡೆ."

ದೊಡ್ಡತ್ತೆ ಬಾಗಿಲಲ್ಲೇ ನಿಂತಿದ್ದರು. "ಹೇಳ್ರಿ ಆಚಾರ್ರೇ, ನೀವಾದ್ರೂ ಹೇಳ್ರಿ. ನನ್ ತಮ್ಮನ ಆಯಸ್ಸಿಗೇ ಕತ್ತರಿ ಹಾಕಾಕೆ ಹೊಂಟವಳೆ."

ಅತ್ತೆ ಮಾವನವರ ಕಡೆ ತಿರುಗಿದರು. "ಏನ್ರೀ, ನೀವೇನಂತೀರಿ?"

ಮಾವ ಕೊಬ್ಬರಿ ಚೂರು ಅಗಿಯುತ್ತಿದ್ದವರು ನುಂಗಿ ಹೇಳಿದರು: "ನನ್ ಆಯಸ್ಸು ಆ ಕಡ್ಡೀಲಿ ನೇತಾಡ್ತಿದ್ರೆ, ಟವೆಲ್ಲು ಸಿಕ್ಕ ದಿನಾನೇ ನಾನು ಹೋಗ್ಬೇಕಿತ್ತು. ಕತ್ತರಿಸ್ರಿ ಆಚಾರ್ರೇ."

"ಬಿಡ್ತು ಅನ್ನೋ!" ಎಂದು ದೊಡ್ಡತ್ತೆ ಹೊರಟುಹೋದರು.

ಆಮೇಲೆ ನಾನು ಕಂಡದ್ದು ಅತ್ತೆಯ ಶಿಸ್ತು. ಸ್ನಾನಕ್ಕೆ ಮಾತ್ರ ತೆಗೆಯುವುದು. ಸ್ನಾನ, ವಿಭೂತಿ, ಪೂಜೆ, ಅದರ ಹಿಂದೆಯೇ ಓಲೆ. ತಿರುಪು ಹೆಚ್ಚು ಬಿಗಿದು ಚರ್ಮ ಬಿಳಿಚಿಕೊಂಡರೆ ಹುಣ್ಣಾಗುತ್ತದೆ ಎಂದು ಒಮ್ಮೆ ಹೇಳಿದ್ದೆ. ಅಂದಿನಿಂದ ಕನ್ನಡಿ ಮುಂದೆ ಕೂತು, ಬಿಗಿದು, ಬಣ್ಣ ನೋಡಿ, ಅರ್ಧ ಸುತ್ತು ಸಡಿಲಿಸಿಯೇ ಏಳುವುದು. ಮಲಗುವಾಗ ಬಲಮಗ್ಗುಲು. ಬಸ್ಸು ತಪ್ಪಿದ ತಿಂಗಳು ಅಕ್ಕಿ ಸಾಗಿಸುವ ಲಾರಿಯಲ್ಲಿ ಕಡೂರಿಗೆ ಬಂದಿಳಿದರು. ಇಂಜೆಕ್ಷನ್ನಿನ ನೋವು ಕೊನೆಯವರೆಗೂ ಕಡಿಮೆಯಾಗಲಿಲ್ಲ. ನಾನು ಬಳೆ ಬಿಚ್ಚಿಟ್ಟು ಹೋಗುವುದನ್ನು ಕಲಿತೆ.

ಒಂದು ವರ್ಷ ಕಳೆಯುವಷ್ಟರಲ್ಲಿ ಗಂಟು ಬೆರಳಿಗೆ ಸಿಗದಷ್ಟು ಚಪ್ಪಟೆಯಾಯಿತು. ಮಾಸಲು ಬಿಳಿ ಗೆರೆಯೊಂದು ಉಳಿಯಿತು. ಡಾಕ್ಟರ್ ಇಂಜೆಕ್ಷನ್ ನಿಲ್ಲಿಸಿದರು. ಇಂಥವು ಮತ್ತೆ ತಲೆಯೆತ್ತುವುದುಂಟು, ಓಲೆ ಮಾತ್ರ ಬಿಡಬೇಡಿ ಎಂದರು. ಅತ್ತೆ ಸೆರಗು ಇಳಿಸಿ ಅರಿಸಿನ ಕುಂಕುಮಕ್ಕೆ ಹೊರಟರು. ಎರಡು ಕಿವಿಯ ಓಲೆಗೂ ವ್ಯತ್ಯಾಸವಿದೆ ಎಂದು ಹೇಳಿದರೂ ಯಾರಿಗೂ ಕಾಣುತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಮಾವ ತೀರಿಕೊಂಡರು. ಕಾಯಿಲೆ ಎಂದು ಮಲಗಿದವರಲ್ಲ. ಮಧ್ಯಾಹ್ನ ಉಂಡು ಒರಗಿದವರು ಏಳಲಿಲ್ಲ. ಕಾರ್ಯದ ದಿನ ನಮ್ಮ ಕಡೆಯ ಪದ್ಧತಿಯಂತೆ ಹೆಂಗಸರು ಅತ್ತೆಯ ಸುತ್ತ ಕೂತರು. ಬಳೆ ತೆಗೆದರು. ಒಬ್ಬಾಕೆ ಓಲೆಗೆ ಕೈ ಹಾಕಿದಳು.

ಅತ್ತೆ ಎಡಗಿವಿಯ ಮೇಲೆ ಅಂಗೈ ಇಟ್ಟುಕೊಂಡರು. "ಇದು ಔಷಧಿ ಕಣವ್ವ. ಡಾಕ್ಟ್ರು ಬಿಡಬ್ಯಾಡ ಅಂದವ್ರೆ."

ಗುಂಪು ದೊಡ್ಡತ್ತೆಯ ಕಡೆ ನೋಡಿತು. ದೊಡ್ಡತ್ತೆ ನನ್ನ ಕಡೆ ನೋಡಿದರು. ಅತ್ತು ಅತ್ತು ಅವರ ಕಣ್ಣು ಊದಿದ್ದವು. "ಹೌದೇನೇ?"

"ಹೌದು. ತೆಗೆದರೆ ಗಂಟು ಮತ್ತೆ ಏಳಬಹುದು," ಎಂದೆ. ಡಾಕ್ಟರ್ ಹೇಳಿದ್ದೂ ಅದೇ.

"ಸರಿ, ಎಡದ್ದು ಬಿಡಿ. ಬಲಗಿವೀದು ತೆಗೀಬೋದಲ್ಲ," ಎಂದಳು ಆ ಹೆಂಗಸು.

ದೊಡ್ಡತ್ತೆ ಮುಂದೆ ಬಂದು ಅವಳ ಕೈ ಸರಿಸಿದರು. "ಒಂಟಿ ಓಲೆ ಮನೇಗೆ ಆಗಲ್ಲ. ಎರಡೂ ಇರ್ಲಿ ಬಿಡ್ರೇ."

ದೊಡ್ಡತ್ತೆ ತಾವೇ ಅತ್ತೆಯ ಸೆರಗು ಸರಿಮಾಡಿ, ನನಗೆ ಹೇಳಿದರು: "ಬೆಳಗಿಂದ ಯಾರೂ ಅವಳ ಕಿವಿ ನೋಡಿಲ್ಲ. ತಿರುಪು ಎಷ್ಟು ಬಿಗಿ ಐತೋ ನೋಡು."

ನೋಡಿದೆ. ಚರ್ಮ ಬಿಳಿಚಿಕೊಂಡಿರಲಿಲ್ಲ. ಆ ದಿನವೂ ಅತ್ತೆ ಅರ್ಧ ಸುತ್ತು ಸಡಿಲಿಸಿಯೇ ಎದ್ದಿದ್ದರು.