ಕಾವ್ಯಾಳ ಹೊಟ್ಟೆನೋವು

ನನ್ನ ತಂಗಿಯ ಮಗಳು ಕಾವ್ಯಾಗೆ ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ ಹೊಟ್ಟೆನೋವು. ಶನಿವಾರ, ಭಾನುವಾರ ಆರಾಮ.

ಒಂಬತ್ತು ವರ್ಷದ ಹುಡುಗಿ. ಮನೆ ತಮಿಳುನಾಡಿನ ಉಡುಮಲೈಪೇಟೆ ಹತ್ತಿರ. ಸ್ಕೂಲ್ ವ್ಯಾನಿನ ಹಾರ್ನ್ ಕೇಳಿದರೆ ಸಾಕು, ಹೊಟ್ಟೆ ಹಿಡಿದುಕೊಂಡು ಮಲಗಿಬಿಡುತ್ತಿದ್ದಳು. ಡಾಕ್ಟರ್ ಸ್ಕ್ಯಾನ್ ಮಾಡಿಸಿ ಏನೂ ಇಲ್ಲ ಎಂದರು. ಅಜ್ಜಿ ದೃಷ್ಟಿ ತೆಗೆದರು. ನಾನು ಕೊಯಮತ್ತೂರಿನಿಂದ ಫೋನಿನಲ್ಲೇ ತೀರ್ಪು ಕೊಟ್ಟೆ: ಎಲ್ಲಾ ನಾಟಕ, ಸ್ವಲ್ಪ ಗದರಿಸಿ. (ಮಕ್ಕಳನ್ನು ಬೆಳೆಸುವುದರ ಬಗ್ಗೆ ಈ ಅಂಕಣದಲ್ಲಿ ನಾನು ಎಷ್ಟು ಉಪದೇಶ ಮಾಡಿದ್ದೇನೆಂದು ನಿಮಗೇ ಗೊತ್ತು.)

ಕೊನೆಗೆ ಡಾಕ್ಟರೇ ಸರ್ಕಾರಿ ಆಸ್ಪತ್ರೆಯ ಕೌನ್ಸೆಲರ್ ಹತ್ತಿರ ಕಳಿಸಿದರು. ಆಕೆ ಮಗುವನ್ನಷ್ಟೇ ಕರೆಯಲಿಲ್ಲ. ಅಪ್ಪ, ಅಮ್ಮ, ಕ್ಲಾಸ್ ಟೀಚರ್, ಊರಿನ ನರ್ಸ್ ಎಲ್ಲರೂ ಒಂದೇ ದಿನ ಬರಬೇಕೆಂದರು. ಕಾರು ಓಡಿಸಿಕೊಂಡು ಹೋದ ನಾನೂ ಒಂದು ಕುರ್ಚಿ ಹಿಡಿದೆ. ಕಾವ್ಯಾ ಹೊರಗೆ ಚಿತ್ರ ಬರೆಯುತ್ತಿದ್ದಳು.

ಮಾತೆಲ್ಲ ತಮಿಳಿನಲ್ಲಿ. ಸ್ಕೂಲಿಗೆ ಬಂದ ದಿನ ಕಾವ್ಯಾ ಆಫೀಸಿನಿಂದ ಮನೆಗೆ ಫೋನ್ ಮಾಡಿಸುತ್ತಾಳೆ, ಅಮ್ಮನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾಳೆ ಎಂದರು ಟೀಚರ್. ಆ ಫೋನ್ ಅವಳದೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನರ್ಸ್ ನನ್ನ ತಂಗಿ ಶಾರದಾಳ ಮುಖ ನೋಡಿದರು. ಅವಳು ಹೇಳಿ ಎನ್ನುವಂತೆ ತಲೆಯಾಡಿಸಿದಳು. ಹೋದ ವರ್ಷ ಹೆರಿಗೆಯಲ್ಲಿ ಕೂಸು ಹೋದಮೇಲೆ ಶಾರದಾಗೆ ಊಟವಿಲ್ಲ, ನಿದ್ದೆಯಿಲ್ಲ, ಹಗಲೆಲ್ಲ ಅಳುತ್ತಾಳೆ ಎಂದರು ನರ್ಸ್. ಟೀಚರ್ ಇದನ್ನು ಕೇಳಿದ್ದು ಅದೇ ಮೊದಲು. (ಕೂಸು ಹೋದಾಗ ನಾನೂ ಹೋಗಿದ್ದೆ. 'ಧೈರ್ಯ ತಗೋ' ಎಂದು ಹೇಳಿ, ಕಾಫಿ ಕುಡಿದು ಬಂದಿದ್ದೆ.)

ಆಮೇಲೆ ಕಾವ್ಯಾಳನ್ನು ಒಳಗೆ ಕರೆದು, ಸ್ಕೂಲಿನಲ್ಲಿ ಏನು ಭಯ ಎಂದು ಕೌನ್ಸೆಲರ್ ಮೆಲ್ಲಗೆ ಕೇಳಿದರು. ಅವಳು ಉತ್ತರ ಕೊಟ್ಟಿದ್ದು ಅಮ್ಮನಿಗೆ, ಮನೆಮಾತು ಕನ್ನಡದಲ್ಲಿ; ಸ್ಕೂಲಿಗೆ ಮಾತ್ರ ತಮಿಳಿನ ಪದ.

"ನಾನು ಪಳ್ಳಿಕೂಡಕ್ಕೆ ಹೋದ್ರೆ ನೀನು ಒಬ್ಬಳೇ ಅಳ್ತೀಯಲ್ಲಮ್ಮಾ."

ಕೌನ್ಸೆಲರ್ ನನ್ನ ಕಡೆ ತಿರುಗಿದರು. ಅದನ್ನು ನಾನೇ ತಮಿಳಿನಲ್ಲಿ ಹೇಳಿದೆ.

ಮಾತ್ರೆ ಶುರುವಾದದ್ದು ಶಾರದಾಗೆ. ನರ್ಸ್ ವಾರಕ್ಕೆರಡು ಸಲ ಮನೆಗೆ ಬರುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಟೀಚರ್ ತಮ್ಮ ಫೋನಿನಿಂದ ಅಮ್ಮ-ಮಗಳನ್ನು ಮಾತಾಡಿಸುತ್ತಾರೆ. ಶಾರದಾಳ ಗಂಡ ಈಗ ತಿಂಡಿಗೆ ಹೆಂಡತಿ ಜೊತೆ ಕೂತು, ಆಮೇಲೆ ತೋಟಕ್ಕೆ ಹೋಗುತ್ತಾನೆ. ಕೌನ್ಸೆಲರ್ ಎಲ್ಲರಿಗೂ ಫೋನ್ ಮಾಡಿ ವಿಚಾರಿಸುತ್ತಾರೆ, ನನಗೂ.

ಎರಡು ತಿಂಗಳಾಯಿತು. ಕಾವ್ಯಾ ವಾರಕ್ಕೆ ನಾಲ್ಕು ದಿನ ಸ್ಕೂಲಿಗೆ ಹೋಗುತ್ತಾಳೆ. ಐದನೇ ದಿನಕ್ಕೆ ಯಾರೂ ಅವಸರ ಮಾಡುತ್ತಿಲ್ಲ.

ಆ ಮನೆಯ ಕಷ್ಟ ಟೀಚರಿಗೆ ಅರ್ಧ ಗೊತ್ತಿತ್ತು, ನರ್ಸಿಗೆ ಅರ್ಧ. ಒಡಹುಟ್ಟಿದ ಅಣ್ಣನಿಗೆ ಗೊತ್ತಿದ್ದದ್ದು ಎಷ್ಟು?