ಜೇನಿನ ಬಣ್ಣ ಬರುವ ತನಕ

ನಂಗಲಿಗೆ ಹೋಗುವ ಬಸ್ಸಿನ ಕಿಟಕಿಯಿಂದ, ಕಾದ ಕಬ್ಬಿಣ ನೀರಿಗಿಳಿದ ವಾಸನೆ ಬಂತು. ಕೂತಲ್ಲಿ ಕೂರಲಾಗಲಿಲ್ಲ.

ನಾನು ಚಿಕ್ಕವಳಿದ್ದಾಗ, ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ ಅಪ್ಪ ತನ್ನ ಉಳಿಗಳನ್ನು ತಾನೇ ಕಾಯಿಸಿಕೊಳ್ಳುತ್ತಿದ್ದ. ಕೆಂಪಾದ ಮೊನೆಯನ್ನಷ್ಟೇ ನೀರಿಗೆ ತಾಗಿಸಿ, ಕಲ್ಲಿಗೆ ಉಜ್ಜಿ, ಮೊನೆಗೆ ಜೇನಿನ ಬಣ್ಣ ಬರುವ ತನಕ ಕಾಯುತ್ತಿದ್ದ. ಆಮೇಲೆಯೇ ಪೂರ್ತಿ ಮುಳುಗಿಸುವುದು.

"ಅದೇನ್ಲಾ, ಉಳೀನ ಮದುವೆ ಹೆಣ್ಣು ನೋಡ್ದಂಗೆ ನೋಡ್ತಾ ಕೂತಿದ್ದೀಯ? ಒಂದೇ ಸಲ ಮುಳುಗಿಸು, ಗಟ್ಟಿಯಾಗ್ತದೆ" ಎಂದ ಒಂದು ಬೆಳಿಗ್ಗೆ ಕ್ವಾರಿಯ ಸಾಹುಕಾರ.

"ಗಟ್ಟಿಯೇನೋ ಆಗ್ತದೆ ಸಾಮಿ. ಗಾಜಿನಂಗೆ ಸಿಡೀತದೆ."

"ನಂಗೇ ಪಾಠ ಹೇಳ್ತೀಯಾ?"

ಅಪ್ಪ ಮುಳುಗಿಸಿದ. ಮಧ್ಯಾಹ್ನ ಕಲ್ಲಿಗೆ ಬಡಿದಾಗ ಮೊನೆ ಸಿಡಿದು, ಪಕ್ಕದಲ್ಲಿ ಜಲ್ಲಿ ತುಂಬುತ್ತಿದ್ದ ಅಮ್ಮನ ಎಡಗಣ್ಣಿಗೆ ಹೊಕ್ಕಿತು. ಕಣ್ಣು ಹೋಯಿತು. ಕೆಲಸ ಬರದವನು ಎಂದು ಸಾಹುಕಾರ ಅಪ್ಪನನ್ನೇ ಬೈದ. ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಅಮ್ಮನ ಕಣ್ಣಿಗಿಂತ ಆ ತಗ್ಗಿದ ತಲೆ ನನ್ನನ್ನು ಹೆಚ್ಚು ಸುಟ್ಟಿದೆ.

"ಇಲ್ಲಿ ಸ್ಟಾಪಿಲ್ಲ ಕಣಮ್ಮಾ" ಎಂದ ಕಂಡಕ್ಟರ್. ಆದರೂ ಬಸ್ಸು ನಿಲ್ಲಿಸಿಕೊಂಡು ಇಳಿದೆ. ರಸ್ತೆ ಪಕ್ಕದ ಕುಲುಮೆಯಲ್ಲಿ ಒಬ್ಬ ಉಳಿ ಹಿಡಿದು ಅದರ ಮೊನೆಯನ್ನೇ ನೋಡುತ್ತಾ ಕೂತಿದ್ದ. ಮೇಸ್ತ್ರಿ ಅವನ ಬೆನ್ನ ಹಿಂದೆಯೇ ನಿಂತು, "ಬೇಗ ಮುಳುಗಿಸ್ಲೇ" ಎನ್ನುತ್ತಿದ್ದ.

ನಾನು ಇಬ್ಬರ ನಡುವೆ ಹೋಗಿ ನಿಂತು, ಉಳಿ ಹಿಡಿದವನಿಗೆ ಹೇಳಿದೆ.

"ಬಣ್ಣ ಬರ್ಲಿ ಅಣ್ಣಾ. ಅಲ್ಲೀಗಂಟ ನಾನಿಲ್ಲೇ ಇರ್ತೀನಿ."