ಠಾಣೆಗೆ ಹೋಗಿದ್ದ ಕೋವಿ

ಬೆಳಿಗ್ಗೆ ಐದಕ್ಕೆ ಏಳುವುದು, ಹಾಸಿಗೆ ಮಡಚುವುದು, ಗಡ್ಡ ತೆಗೆಯುವುದು, ಆಮೇಲೆ ಕಾಫಿ. ಸೈನ್ಯ ಬಿಟ್ಟು ಬಂದು, ಬಾಳೆಹೊನ್ನೂರಿನಿಂದ ಕೊಪ್ಪಕ್ಕೆ ಹೋಗುವ ರಸ್ತೆಯ ಪಕ್ಕ ಮನೆ ಕಟ್ಟಿಕೊಂಡ ಮೇಲೂ ಈ ಕ್ರಮ ಬದಲಾಗಿಲ್ಲ. ಆ ದಿನ ಅವನು ಬಂದಾಗ ನನ್ನ ಒಂದು ಕೆನ್ನೆಯ ಮೇಲೆ ಇನ್ನೂ ಸೋಪಿನ ನೊರೆ ಇತ್ತು.

ಅವನು ಕೆಳಗಿನ ಕಾಲೊನಿಯ ಆಟೋ ಚಾಲಕ. ಕಾಲೊನಿಯವರೆಲ್ಲ ತಲೆಮಾರುಗಳಿಂದ ಅಲ್ಲೇ ಇದ್ದು ಸುತ್ತಲ ಕಾಫಿ ತೋಟಗಳಲ್ಲಿ ಕೂಲಿ ಮಾಡುವವರು. ಅಲ್ಲಿಗೆ ಹೋಗುವ ದಾರಿ ಒಬ್ಬ ದೊಡ್ಡ ಸಾಹುಕಾರರ ತೋಟವನ್ನು ಹಾದು ಹೋಗುತ್ತದೆ. ದಾರಿ ಸರ್ಕಾರದ್ದು. ಆದರೂ ಸಾಹುಕಾರರು ಅದಕ್ಕೆ ಗೇಟು ನಿಲ್ಲಿಸಿ ಬೀಗ ಹಾಕಿದ್ದರು. ಕಾಲೊನಿಯವರು ಅರ್ಜಿ ಕೊಟ್ಟಾಗಲೆಲ್ಲ ಯಾರೋ ಅಳೆಯಲು ಬರುತ್ತಿದ್ದರು, ಸಾಹುಕಾರರ ಜಗಲಿಯಲ್ಲಿ ಕಾಫಿ ಕುಡಿದು ಹೋಗುತ್ತಿದ್ದರು. ಹಿಂದಿನ ವಾರ ಅವನ ತಾಯಿ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಸ್ವಂತ ಆಟೋ ಗೇಟಿನಾಚೆ ನಿಂತಿತ್ತು. ತಾಯಿಯನ್ನು ಕುರ್ಚಿಗೆ ಕಟ್ಟಿ, ನಾಲ್ವರು ಹೊತ್ತು ಗೇಟಿನವರೆಗೆ ತಂದು, ಗೇಟಿನ ಮೇಲಿಂದ ಎತ್ತಿ ದಾಟಿಸಿದರು. ದಾರಿಯುದ್ದಕ್ಕೂ ಮುದುಕಿ ಕೂಗಿದ್ದು ನನ್ನ ಮನೆಗೂ ಕೇಳಿಸಿತ್ತು.

"ಸುಬೇದಾರ್ರೆ, ನಿಮ್ಮ ಕೋವಿ ಒಂದು ದಿನದ ಮಟ್ಟಿಗೆ ಕೊಡಿ" ಎಂದ.

"ಎಂತಕ್ಕೆ? ಹಂದಿ ಬಂತಾ?"

"ಹೌದು. ಬಿಳಿ ಪಂಚೆ ಉಟ್ಟ ಹಂದಿ."

ನನ್ನ ಕೋವಿ ಮನೆಯಲ್ಲಿರಲಿಲ್ಲ. ಚುನಾವಣೆ ಬಂತೆಂದರೆ ನಮ್ಮ ಕಡೆ ಬೆಳೆ ಕಾಯುವ ಕೋವಿಗಳೆಲ್ಲ ಠಾಣೆ ಸೇರುತ್ತವೆ. ಪಂಚಾಯಿತಿ ಚುನಾವಣೆಯೆಂದು ನಾನೂ ಕೊಟ್ಟು ಬಂದಿದ್ದೆ. ಅದನ್ನು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದು ಠಾಣೆಯವರ ಉತ್ತರವಾಗುತ್ತಿತ್ತು, ನನ್ನದಲ್ಲ. ಅವನು ಬೇರೆ ಕಡೆ ಲೈಸೆನ್ಸಿಲ್ಲದ ಕೋವಿ ಹುಡುಕಿಕೊಂಡು ಹೋಗುತ್ತಿದ್ದ. ಹಾಗಾಗಿ ಕೋವಿ ಒಳಗೇ ಇದೆಯೆಂಬಂತೆ, "ಕೊಡಲ್ಲ. ಕೂತ್ಕೋ" ಎಂದೆ.

"ಕೂರೋಕೆ ಬಂದಿಲ್ಲ."

"ಹಾಗಾದ್ರೆ ನಿಂತೇ ಕೇಳು. ನಾನು ಗಡ್ಡ ಮುಗಿಸ್ಬೇಕು."

ಅವನಿಗೆ ರೇಗಿತು. "ನೀವು ಗಡೀಲಿ ಗುಂಡು ಹೊಡೆದ್ರಲ್ಲ, ಅವ್ರು ನಿಮ್ಮ ಅಮ್ಮನ್ನ ಕುರ್ಚೀಲಿ ಹೊರಿಸಿದ್ರಾ? ಮುಖ ನೋಡ್ದೇ ಇದ್ದೋರಿಗೆ ಹೊಡೆದ್ರೆ ಪದಕ. ಅನ್ಯಾಯ ಮಾಡಿದೋನಿಗೆ ಹೊಡೆದ್ರೆ ಜೈಲು. ಇದೆಂಥ ನ್ಯಾಯ ಮಾರಾಯ್ರೆ?"

ಕೆನ್ನೆಯ ಮೇಲಿನ ಕತ್ತಿ ನಿಂತಿತು. ಊರಿನ ಸನ್ಮಾನಗಳಲ್ಲಿ ಶಾಲು ಹೊದಿಸಿದವರು ಯಾರೂ ನನ್ನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ನಾನು ಅಲ್ಲಿ ಮಾಡಿದ್ದು ಪುಣ್ಯ, ಅವನು ಮಾಡಹೊರಟದ್ದು ಪಾಪ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮುಖ ತೊಳೆದು ಬಂದು ಹೇಳಿದೆ. "ನಿನ್ನ ಸಿಟ್ಟು ತಪ್ಪು ಅಂತ ನಾನು ಹೇಳಲ್ಲ. ಅವ್ರು ದೊಣ್ಣೆ ಹಿಡ್ಕೊಂಡು ನಿನ್ನ ಅಮ್ಮನ ಮೇಲೆ ಬಂದಿದ್ರೆ ನಾನೇ ಅಡ್ಡ ನಿಂತು ಕೈ ಮುರೀತಿದ್ದೆ. ಆದ್ರೆ ಈಗ ನೀನು ಅವ್ರನ್ನ ಹೊಡೆದ್ರೆ ಬೀಗದ ಕೈ ಎಲ್ಲಿಗೆ ಹೋಗುತ್ತೆ? ಅವ್ರ ಮಗನ ಜೇಬಿಗೆ. ಅಳೆಯೋಕೆ ಬಂದೋರು ಆಗ್ಲೂ ಅದೇ ಜಗಲೀಲಿ ಕಾಫಿ ಕುಡೀತಾರೆ."

"ಮಗನಿಗೂ ಹೆದರಿಕೆ ಹುಟ್ಟುತ್ತಲ್ಲ."

"ಹುಟ್ಟುತ್ತೆ. ಹೆದರಿದೋನು ಇನ್ನೂ ನಾಲ್ಕು ಬೀಗ ಹಾಕ್ತಾನೆ. ನಾಳೆ ಪೊಲೀಸ್ ಜೀಪು ಬರೋದು ನಿಮ್ಮ ಕಾಲೊನಿಗೆ. ಒದೆ ತಿನ್ನೋರು ನಿಮ್ಮ ಪಕ್ಕದ ಮನೆಯೋರು. ಅವ್ರನ್ನ ಕೇಳಿದ್ಯಾ? ನಿನ್ನ ಅಮ್ಮನ್ನಾದ್ರೂ ಕೇಳಿದ್ಯಾ?"

ಕಿಗ್ಗದ ಕಡೆಯ ಕಾಡಿನಲ್ಲಿ ನಕ್ಸಲರು ಬಂದೂಕು ಹಿಡಿದು ಓಡಾಡುತ್ತಿದ್ದ ಕಾಲ ನಮ್ಮಿಬ್ಬರಿಗೂ ನೆನಪಿದೆ. ಅವರು ಎತ್ತಿದ ಪ್ರಶ್ನೆಗಳಲ್ಲಿ ಎಷ್ಟೋ ನಿಜವಾದವೇ ಆಗಿದ್ದವು. ಆದರೆ ಊಟ ಹಾಕಿದ ಬಡವರ ಮನೆಗಳೇ ಅವರಿಗೂ ಪೊಲೀಸರಿಗೂ ಉತ್ತರ ಕೊಡಬೇಕಾಗಿತ್ತು. ರಜೆಯಲ್ಲಿ ಬಂದಾಗ ಅದನ್ನು ಕಣ್ಣಾರೆ ಕಂಡಿದ್ದೆ. ಅಷ್ಟೂ ಹೇಳಿದೆ. ಅವನು ಕಾಫಿಯನ್ನೂ ಕುಡಿಯದೆ ಹೋದ.

ಸಂಜೆ ನಾನೇ ಕಾಲೊನಿಗೆ ಇಳಿದೆ. ಅವನ ತಾಯಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಮಗ ಮೂಲೆಯಲ್ಲಿದ್ದ. ಅವನು ಬೆಳಿಗ್ಗೆ ಕೇಳಿದ್ದನ್ನು ಅವನೆದುರಿಗೇ ತಾಯಿಗೆ ಹೇಳಿದೆ. ಮುದುಕಿ ಅಳುತ್ತಾರೆಂದುಕೊಂಡಿದ್ದೆ. ನಕ್ಕುಬಿಟ್ಟರು.

"ಕೋವಿ ಎಲ್ಲಿತ್ತೋ ಅಲ್ಲಿ? ಹೋದ ವಾರ ಸುಬೇದಾರ್ರನ್ನೂ ಕೋವೀನೂ ನಿನ್ನ ಆಟೋದಲ್ಲೇ ಠಾಣೆಗೆ ಬಿಟ್ಟು ಬಂದ್ಯಲ್ಲೋ! ಇಂಥ ತಲೆ ಇಟ್ಕೊಂಡು ಕೊಲೆ ಮಾಡೋಕೆ ಹೊರಟಿದ್ಯಾ?"

ಅವನು ನನ್ನ ಮುಖ ನೋಡಿದ. "ಇಲ್ದೇ ಇರೋ ಕೋವಿಗೆ ಅಷ್ಟು ಹೊತ್ತು ಬಯ್ದ್ರಾ ಸುಬೇದಾರ್ರೆ?"

"ಇದ್ದಿದ್ರೂ ಅಷ್ಟೇ ಬಯ್ತಿದ್ದೆ" ಎಂದೆ.

ಆಮೇಲೆ ಮುದುಕಿಯ ನಗು ನಿಂತಿತು. "ನೀನು ಜೈಲಿಗೆ ಹೋದ್ರೆ ನನ್ನ ಕಾಲು ಕೂಡ್ಕೊಳ್ಳುತ್ತಾ? ಹಂಗಂತ ನಾನು ಸುಮ್ನಿರ್ತೀನಿ ಅಂದ್ಕೋಬೇಡ. ನಾಳೆಯಿಂದ ನಮ್ಮ ಹೆಂಗಸ್ರು ಯಾರೂ ತಡಮೆ ದಾಟಲ್ಲ."

ತಡಮೆ ಎಂದರೆ ಬೇಲಿಯಲ್ಲಿ ದನ ನುಗ್ಗದಂತೆ, ಮನುಷ್ಯರು ಮಾತ್ರ ಒಬ್ಬೊಬ್ಬರಾಗಿ ನುಸುಳುವಂತೆ ಬಿಡುವ ಸಂದು. ಸಾಹುಕಾರರು ಗೇಟಿಗೆ ಬೀಗ ಹಾಕಿದರೂ ಪಕ್ಕದಲ್ಲಿ ತಡಮೆ ಬಿಟ್ಟಿದ್ದರು. ಕಾಲೊನಿಯವರ ಮೇಲಿನ ಕರುಣೆಯಿಂದಲ್ಲ. ಕಾಲೊನಿಯ ಹೆಂಗಸರು ಅದರಲ್ಲೇ ನುಸುಳಿ ಅವರ ತೋಟಕ್ಕೆ ಕೊಯ್ಲಿಗೆ ಹೋಗಬೇಕಿತ್ತು. ಅದು ಕಾಫಿ ಹಣ್ಣಾಗಿ ನಿಂತ ಸಮಯ.

ಮರುದಿನ ನನ್ನ ವಾಕಿಂಗನ್ನು ಆ ಕಡೆಗೆ ತಿರುಗಿಸಿದೆ. ಹೆಂಗಸರು ಸೊಂಟಕ್ಕೆ ಕೊಯ್ಲಿನ ಚೀಲ ಕಟ್ಟಿಕೊಂಡು, ಕೆಲಸಕ್ಕೆ ತಯಾರಾಗಿಯೇ ಗೇಟಿನೆದುರು ಕೂತಿದ್ದರು. ತೋಟದ ಮೇಸ್ತ್ರಿ ತಡಮೆ ತೋರಿಸಿದ. "ಅಜ್ಜಿ ಕುರ್ಚಿ ಅದರಲ್ಲಿ ಹಿಡೀಲಿಲ್ಲ, ನಾವೂ ಹಿಡಿಯಲ್ಲ" ಎಂದಳು ಒಬ್ಬಳು. ಇನ್ನೊಬ್ಬಳು, ದಪ್ಪಗಿದ್ದವಳು, "ನಾನಂತೂ ಮೊದ್ಲಿಂದ್ಲೂ ಹಿಡೀತಿರ್ಲಿಲ್ಲ" ಎಂದಾಗ ಮೇಸ್ತ್ರಿಯೇ ನಕ್ಕ. ಸಾಹುಕಾರರು ಹೊರಗಿನ ಕೂಲಿಗಳನ್ನು ತರಿಸಲು ನೋಡಿದರು. ಎಲ್ಲ ತೋಟದಲ್ಲೂ ಕೊಯ್ಲು, ಯಾರೂ ಸಿಗಲಿಲ್ಲ. ಹಣ್ಣು ಗಿಡದ ಬುಡಕ್ಕೆ ಉದುರತೊಡಗಿತು. ಆ ವಾರ ಮುಗಿಯುವುದರೊಳಗೆ ಬೀಗ ಹೋಯಿತು, ಗೇಟಿನ ಬಾಗಿಲನ್ನೂ ಕಳಚಿಟ್ಟರು.

ಹೆಂಗಸರು ಕೂತದ್ದರಿಂದಲೇ ಆಯಿತೆಂದು ನಾನು ಹೇಳಿಕೊಂಡು ತಿರುಗಿದೆ. ಆಟೋದವನು ಒಪ್ಪಲಿಲ್ಲ. "ನಾನು ಕೋವಿ ಹುಡುಕ್ತಿದ್ದೆ ಅನ್ನೋ ಸುದ್ದಿ ಅವ್ರ ಕಿವಿಗೆ ಬಿದ್ದಿತ್ತು. ಅದಕ್ಕೂ ತೆಗೆದಿರ್ತಾರೆ" ಎಂದ. ಇರಬಹುದು. ಅಲ್ಲವೆನ್ನಲು ನನ್ನ ಬಳಿ ಆಧಾರವಿಲ್ಲ. ಶಾಂತಿಯಿಂದ ಗೆದ್ದೆವೆಂದು ಹೇಳುವ ಎಷ್ಟೋ ಕಡೆ ಹಿಂದೆ ಹೀಗೊಬ್ಬ ಸಿಟ್ಟಿನವನು ನಿಂತಿರುತ್ತಾನೇನೋ. ಆದರೂ ಮತ್ತೆ ಬಂದು ಕೇಳಿದರೆ ನಾನು ಅದೇ ಉತ್ತರ ಕೊಡುತ್ತೇನೆ.

ಪ್ಲಾಸ್ಟರ್ ತೆಗೆಸಲು ತಾಯಿಯನ್ನು ಕೊಪ್ಪದ ಆಸ್ಪತ್ರೆಗೆ ಕರೆದೊಯ್ಯುವ ದಿನ ನಾನೂ ಜೊತೆಗೆ ಹೋದೆ. ಆಟೋ ಮನೆ ಬಾಗಿಲಿನಿಂದಲೇ ಹೊರಟಿತು. ತೋಟದ ತಿರುವಿನಲ್ಲಿ ಸಾಹುಕಾರರು ನಿಂತಿದ್ದರು. ಮುದುಕಿ ಮಗನ ಬೆನ್ನು ತಟ್ಟಿ ಆಟೋ ನಿಲ್ಲಿಸಿದರು.

"ಅಯ್ಯಾ, ಕೆರೆ ಬದಿ ಗಿಡದಲ್ಲಿ ಹಣ್ಣು ಹಂಗೇ ಬಿಟ್ಟಿದ್ದೀರಂತೆ. ಬೇಗ ಕೊಯ್ಸಿ. ಮತ್ತೆ ಈ ದಾರೀಲಿ ಗುಂಡಿ ಜಾಸ್ತಿ, ಒಂದೆರಡು ಲೋಡು ಮಣ್ಣು ಹಾಕ್ಸಿ. ನನ್ನ ಕಾಲಿಗೆ ಅಲುಗಾಡಿದ್ರೆ ಆಗಲ್ಲ."

ಸಾಹುಕಾರರು ತಲೆಯಾಡಿಸಿದರು. ಮಗ ಹಲ್ಲು ಕಚ್ಚಿಕೊಂಡು ಗೇರು ಹಾಕಿದ.